ಅಕ್ಕನ ಹೊಟ್ಟೆಯ ಮದ್ದು

ನಮ್ಮ ಕಡೆ ಯಾರಿಗೆ ಏನಾದರೂ ಅದು ಗ್ಯಾಸು. ಎದೆ ಹಿಡಿದರೆ ಗ್ಯಾಸು, ಬೆನ್ನು ಹಿಡಿದರೆ ಗ್ಯಾಸು, ಹೆಂಡತಿ ಜೊತೆ ಜಗಳವಾಡಿ ಊಟ ಬಿಟ್ಟು ತಲೆ ಸುತ್ತಿದರೂ ಗ್ಯಾಸು. ಯಾದಗಿರಿಯ ಯಾವ ಔಷಧಿ ಅಂಗಡಿಯ ಮುಂದೆ ಬೇಕಾದರೂ ನಿಂತು ನೋಡಿ. ಒಬ್ಬ ಬರುತ್ತಾನೆ, “ಗ್ಯಾಸಿನ ಗುಳಿಗಿ ಕೊಡ್ರಿ” ಅನ್ನುತ್ತಾನೆ, ಪಕ್ಕದ ಗೂಡಂಗಡಿಯ ಸೋಡಾದ ಜೊತೆ ಅದನ್ನು ನುಂಗುತ್ತಾನೆ, ಓಣಿಗೆ ಕೇಳಿಸುವಂತೆ ತೇಗುತ್ತಾನೆ, “ಈಗ ಆರಾಮ ಆತು” ಎಂದು ಹೋಗುತ್ತಾನೆ. ಆ ತೇಗು ಅವನ ಹೊಟ್ಟೆಯದಲ್ಲ, ಸೋಡಾದ್ದು. ಈಗಷ್ಟೇ ದುಡ್ಡು ಕೊಟ್ಟು ಒಳಗೆ ಹಾಕಿಕೊಂಡ ಗಾಳಿಯನ್ನೇ ಹೊರಗೆ ಬಿಟ್ಟು ಸುಖಪಡುವ ಗಿರಾಕಿಯನ್ನು ನಾನು ಬೇರೆ ಯಾವ ವ್ಯಾಪಾರದಲ್ಲೂ ಕಂಡಿಲ್ಲ.

ಗುಳಿಗೆಯಿಂದಲೂ ಸೋಡಾದಿಂದಲೂ ವಾಸಿಯಾಗದಿದ್ದರೆ ಆಗ ಅದು ಮದ್ದು. ಗ್ಯಾಸು, ಮದ್ದು ಇವೆರಡರ ನಡುವೆ ಮೂರನೆಯ ರೋಗ ಇರಬಹುದೆಂದು ನಮ್ಮವರಿಗೆ ಹೊಳೆಯುವುದೇ ಇಲ್ಲ.

ಮದ್ದಿನ ವಿಷಯ ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಆಗದವರು ಯಾರೋ ಊಟದಲ್ಲಿ ಏನೋ ಒಂದನ್ನು ಬೆರೆಸಿ ಹಾಕುತ್ತಾರಂತೆ. ಅದು ಹೊಟ್ಟೆಯೊಳಗೆ ಗೋಡೆಗೆ ಅಂಟಿ ಕೂರುತ್ತದಂತೆ. ಉಂಡದ್ದನ್ನೆಲ್ಲ ಅದೇ ಹೀರಿಕೊಂಡು ಮನುಷ್ಯ ಸೊರಗುತ್ತಾನಂತೆ. ಮದ್ದು ತೆಗೆಯುವವನ ಹತ್ತಿರ ಹೋಗಿ ವಾಂತಿ ಮಾಡಿಕೊಂಡರೆ ಗಂಟು ಹೊರಗೆ ಬೀಳುತ್ತದಂತೆ. ಬೆಳಿಗ್ಗೆ ತಿಂದ ರೊಟ್ಟಿ ಸಂಜೆಗೆ ಹೊಟ್ಟೆಯ ಚೀಲದಲ್ಲಿ ಇರುವುದಿಲ್ಲ. ವರ್ಷಗಟ್ಟಲೆ ಕೂರಲು ಮದ್ದೇನು ಖಾಲಿ ಮಾಡಲೊಲ್ಲದ ಬಾಡಿಗೆದಾರನೇ? ಆದರೆ ಕೇಳುವವರು ಯಾರು? ಮದ್ದು ಹಾಕಿದವರು ಯಾರೆಂಬುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಅದು ಯಾವಾಗಲೂ ಸೊಸೆಯೇ.

ನಮ್ಮ ಅಕ್ಕನ ಸೊಸೆ ನನ್ನ ಮಗಳು. ಒಡಹುಟ್ಟಿದವಳ ಮನೆ, ಹೊರಗಿನವರಲ್ಲ ಎಂದು ಅಕ್ಕನ ಮಗನಿಗೇ ಕೊಟ್ಟಿದ್ದೆ.

ನಾನು ಕುರಿ ವ್ಯಾಪಾರದವನು. ಹತ್ತಿಕುಣಿಯ ಕೆರೆಯ ಹಿಂದೆ ಬೇರೆಯವರ ಹಿಂಡು ಕಾಯುತ್ತ ಬೆಳೆದವನು, ಈಗ ರಂಗಂಪೇಟೆಯಲ್ಲಿ ಸ್ವಂತ ದೊಡ್ಡಿಯೂ ಮಾಂಸದ ಅಂಗಡಿಯೂ ಇವೆ. ಇದನ್ನು ಯಾರೂ ನನಗೆ ಕೊಟ್ಟದ್ದಲ್ಲ. ಕುರಿ ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಇಟ್ಟುಕೊಳ್ಳಿ: ಹೊಟ್ಟೆ ನೋಡಿ ಕೊಳ್ಳಬೇಡಿ. ಸಂತೆಯ ದಿನ ಬೆಳಿಗ್ಗೆ ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸಿ ತರುವವರೇ ಹೆಚ್ಚು. ನೀವು ತುಂಬಿದ ಕುರಿ ಎಂದು ತರುತ್ತೀರಿ, ಮನೆಗೆ ಬಂದು ಉಚ್ಚೆ ಹೊಯ್ದ ಮೇಲೆ ಅದು ಅರ್ಧ ಕುರಿ. ಹೊಟ್ಟೆ ಸುಳ್ಳು ಹೇಳುತ್ತದೆ. ಮೊದಲು ಬಾಯಿ ತೆಗೆಸಿ ಹಲ್ಲು ನೋಡಿ. ಹಲ್ಲು ಸವೆದ ಕುರಿ ಎಷ್ಟು ಮೇವಿನ ನಡುವೆ ನಿಂತರೂ ಒಣಗುತ್ತ ಹೋಗುತ್ತದೆ.

ಹೋದ ವರ್ಷ ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮಗಳು ವಡಗೇರಾ ಕಡೆಯ ಅತ್ತೆಮನೆಯಿಂದ ಒಬ್ಬಳೇ ಬಂದಿಳಿದಳು.

“ಯಾಕವ್ವ, ಒಬ್ಬಾಕಿನೇ ಬಂದಿ?”

“ಅತ್ತಿ ಕಳಿಸ್ಯಾಳ.”

“ಯಾತಕ್ಕ?”

“ನಾ ಮದ್ದು ಹಾಕೀನಂತ.”

ನನ್ನ ಹೆಂಡತಿ ಕೈಯಲ್ಲಿದ್ದ ಮೊರ ಅಲ್ಲೇ ಒಗೆದಳು. “ನಿಮ್ಮಕ್ಕನ ಮನಿಗಿ ಕೊಡಬ್ಯಾಡ ಅಂತ ನಾ ಅವತ್ತೇ ಬಾಯಿ ಬಡಕೊಂಡೆ. ಒಡಹುಟ್ಟಿದಾಕಿ, ಒಡಹುಟ್ಟಿದಾಕಿ ಅಂತ ಕುಣಿದಿ. ಈಗ ನೋಡು.”

“ನೀ ಸ್ವಲ್ಪ ತಡಿ. ಅಕಿ ಹೇಳ್ಲಿ.”

ಮಗಳು ಅಳಲಿಲ್ಲ. ನೀರು ಕುಡಿದು ಹೇಳಿದಳು. ಎರಡು ಮೂರು ತಿಂಗಳಿಂದ ಅತ್ತೆ ಸೊರಗುತ್ತಿದ್ದಳು. ಉಂಡ ಕೂಡಲೇ ಹೊಟ್ಟೆ ಡೋಲಿನ ಹಾಗೆ ಬಿಗಿಯುತ್ತಿತ್ತು. ರೊಟ್ಟಿ ತಿನ್ನಲು ಒದ್ದಾಡುತ್ತಾಳೆ ಅನ್ನಿಸಿ ಮಗಳು ಜೋಳದ ನುಚ್ಚು ಮೆತ್ತಗೆ ಬೇಯಿಸಿ ಒಂದು ಸಣ್ಣ ಗಡಿಗೆಯಲ್ಲಿ ತೆಗೆದಿಡತೊಡಗಿದಳು. ಅದೇ ಮುಳುವಾಯಿತು. “ಮನಿಮಂದಿಗೆಲ್ಲಾ ರೊಟ್ಟಿ, ನನಗೊಬ್ಬಾಕಿಗೇ ಬ್ಯಾರೆ ಗಡಿಗಿ ಯಾಕ? ಅದರಾಗ ಏನ್ ಹಾಕ್ತಿ?” ಎಂದು ಅಕ್ಕ ಕೇಳಿದಳಂತೆ. ಆಮೇಲೆ ನಳದ ಕಟ್ಟೆಯ ಮೇಲೆ, ನೀರು ತುಂಬುವ ಹೆಂಗಸರ ಮುಂದೆ, ಸೊಸೆ ಮದ್ದು ಹಾಕ್ಯಾಳ ಎಂದು ಹೇಳಿದಳಂತೆ.

ಉಪಕಾರ ಮಾಡುವವರು ಬೇರೆ ಗಡಿಗೆಯಲ್ಲಿ ಮಾಡಬಾರದು. ಇದನ್ನು ಎಲ್ಲ ಸೊಸೆಯಂದಿರೂ ತಿಳಿದಿರಲಿ.

ಮರುದಿನ ನಾನು ಹೋದೆ. ಹೊರಸಿನ ಮೇಲೆ ಕೂತಿದ್ದ ಅಕ್ಕನನ್ನು ಕಂಡು ನನ್ನ ಸಿಟ್ಟು ಅರ್ಧ ಇಳಿಯಿತು. ಕುಪ್ಪಸದ ತೋಳಿನಲ್ಲಿ ಇನ್ನೊಂದು ಕೈ ಹಿಡಿಸುವಷ್ಟು ಜಾಗವಾಗಿತ್ತು. ತಲೆಯ ಹತ್ತಿರ ಗ್ಯಾಸಿನ ಗುಳಿಗೆಯ ಖಾಲಿ ಸ್ಟ್ರಿಪ್ಪುಗಳ ಗುಡ್ಡೆ. ಭಾವ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅವನು ಮದುವೆಯಾದಾಗಿನಿಂದ ಕಷ್ಟದ ಮಾತು ಬಂದಾಗಲೆಲ್ಲ ಹಗ್ಗ ಹೊಸೆಯುತ್ತಾನೆ; ಆ ಮನೆಯಲ್ಲಿ ಹಗ್ಗಕ್ಕೆ ಬರಗಾಲವಿಲ್ಲ. ಅಳಿಯ, ಅಂದರೆ ಅಕ್ಕನ ಮಗ, ತನ್ನ ಗೂಡ್ಸ್ ಆಟೊ ಒರೆಸುತ್ತಿದ್ದ. ನನ್ನನ್ನು ಕಂಡು ಇನ್ನೂ ಜೋರಾಗಿ ಒರೆಸಿದ.

“ಅಕ್ಕಾ, ಏನಿದು?”

“ನಿನ್ನ ಮಗಳಿಗಿ ಕೇಳು, ತಮ್ಮಾ.”

“ಕೇಳೇ ಬಂದೀನಿ. ಡಾಕ್ಟ್ರಿಗಿ ತೋರಿಸೀರೇನು?”

“ತೋರಿಸೀವಿ. ಗ್ಯಾಸ್ ಅಂದ್ರು.”

“ಒತ್ತಿ ನೋಡಿದ್ರೇನು? ಬಾಯಿ ತೆಗಿಸಿ ನೋಡಿದ್ರೇನು?”

“ಯಾರೂ ನೋಡ್ಲಿಲ್ಲ ಮಾಮಾ,” ಅಂದ ಅಳಿಯ. “ಅಂಗಡ್ಯಾಗ ಹೇಳಿ ಗುಳಿಗಿ ತಂದೀನಿ.”

ಅಂಗಡಿಯವನೇ ಇವರ ಡಾಕ್ಟರು! ಆಟೊದ ಟೈರಿಗೆ ಮುಳ್ಳು ಚುಚ್ಚಿದರೆ ಶಹಾಪುರದ ತನಕ ಹೋಗಿ ನಾಲ್ಕು ಜನರನ್ನು ವಿಚಾರಿಸುವ ಹುಡುಗ, ಹೆತ್ತವಳ ಹೊಟ್ಟೆಗೆ ಗಲ್ಲಿಯ ತುದಿ ದಾಟಿರಲಿಲ್ಲ.

ಬರುವ ಅಮಾವಾಸ್ಯೆಗೆ ಶಹಾಪುರದ ಆಚೆಯ ಒಂದು ಹಳ್ಳಿಯಲ್ಲಿ ಮದ್ದು ತೆಗೆಸುವುದೆಂದು ನಿಶ್ಚಯವಾಗಿತ್ತು. ಗಂಟು ಬಿದ್ದರೆ ನನ್ನ ಮಗಳು ಮತ್ತೆ ಆ ಹೊಸ್ತಿಲು ತುಳಿಯುವಂತಿರಲಿಲ್ಲ. ಅಕ್ಕ ಹಾಗೆಂದು ನನ್ನ ಮುಖಕ್ಕೇ ಹೇಳಿದಳು. ಗಂಟು ಬಿದ್ದೇ ಬೀಳುತ್ತದೆ, ಗಂಟು ಬೀಳದೆ ಆ ಧಂದೆ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ವ್ಯಾಪಾರದಲ್ಲಿ ಎದುರಿನವನು ಹಟ ಹಿಡಿದಾಗ ಬೇಡ ಎನ್ನಬಾರದು, ಜೊತೆಗೆ ಹೋಗಬೇಕು.

“ಆಯ್ತು. ನಾನೂ ಬರ್ತೀನಿ. ಆದ್ರ ಬಿದ್ದದ್ದನ್ನ ನನ್ನ ಕೈಗಿ ಕೊಡಬೇಕು. ಮದ್ದು ಇದ್ರ ನನ್ನ ಮಗಳು ನನ್ನ ಮನ್ಯಾಗ. ಇಲ್ಲಂದ್ರ ನಿನ್ನ ಮನ್ಯಾಗ. ಒಪ್ಪೀಯೇನು?”

“ಒಪ್ಪೀನಿ.”

ಭಾವನ ಕೈಯ ಹಗ್ಗ ಒಂದು ಗಳಿಗೆ ನಿಂತಿತ್ತು.

ಅಮಾವಾಸ್ಯೆಗೆ ನಾಲ್ವರೂ ಅಳಿಯನ ಆಟೊದಲ್ಲಿ ಹೋದೆವು. ಮದ್ದು ತೆಗೆಯುವವನದು ತಗಡಿನ ಚಪ್ಪರ, ಪ್ಲಾಸ್ಟಿಕ್ ಕುರ್ಚಿ, ಮುಂದೆ ಒಂದು ಬೋಗುಣಿ. ಹೊಟ್ಟೆ ತುಂಬ ಉಂಡು ಬರ್ರಿ, ಮದ್ದು ಊಟಕ್ಕ ಹತ್ತಿಕೊಂಡು ಬರ್ತದ ಎಂದು ಮೊದಲೇ ಹೇಳಿ ಕಳಿಸಿದ್ದ. ಅವನ ಜಾಣತನ ನೋಡಿ: ಖಾಲಿ ಹೊಟ್ಟೆಯಿಂದ ಏನು ಬೀಳುತ್ತದೆ, ತೋರಿಸಲಿಕ್ಕೆ? ಬೋಗುಣಿ ತುಂಬಿದಷ್ಟೂ ಅವನ ಮರ್ಯಾದೆ. ಅಕ್ಕನಿಗೆ ಯಾವುದೋ ಸೊಪ್ಪಿನ ರಸ, ಅದರ ಮೇಲೆ ಚೊಂಬುಗಟ್ಟಲೆ ಉಪ್ಪುನೀರು. ಉಪ್ಪುನೀರು ಅಷ್ಟು ಕುಡಿದರೆ ಕುದುರೆಯೂ ಕಾರುತ್ತದೆ ಅಂದುಕೊಂಡೆ. ಅಕ್ಕ ಬಗ್ಗಿದಳು. ನಾನು ಅವಳ ಹಣೆ ಹಿಡಿದುಕೊಂಡೆ. ಅವಳು ನಡುಗುತ್ತಿದ್ದಳು.

ಅವನು ಬೋಗುಣಿಯೊಳಗೆ ಕೈ ಹಾಕಿ, ಮುಷ್ಟಿ ಬಿಚ್ಚಿ, ಕಪ್ಪು ಉಂಡೆಯೊಂದನ್ನು ಎತ್ತಿ ಹಿಡಿದ. “ನೋಡ್ರಿ! ಎಂಥಾ ಗಂಟು! ಹೆಣ್ಣುಮಗಳ ತಲಿಕೂದಲು ಸುತ್ತಿ ಹಾಕ್ಯಾರ!”

ಸುತ್ತ ಕೂತವರು ಅಯ್ಯಯ್ಯೋ ಅಂದರು. ನಾನು ಕೈ ಚಾಚಿದೆ. ಅವನು ಕೊಡಲು ಹಿಂದೆಮುಂದೆ ನೋಡಿದ, ಕಸಿದುಕೊಂಡೆ. ಹಿಚುಕಿದರೆ ಮೇಣ. ಕೂದಲನ್ನು ಎಳೆದು ಬಿಸಿಲಿಗೆ ಹಿಡಿದೆ.

“ಇದು ಆಡಿನ ಕೂದಲು. ಕರೀ ಆಡಿಂದು, ಬೆನ್ನಿನ ಮ್ಯಾಲಿಂದು. ಹುಟ್ಟಿದಾಗಿಂದ ಇದೇ ಕೂದಲಾಗ ಕೈ ಆಡಿಸೀನಿ. ಆಡಿಗಿ ಗೊತ್ತಾದ್ರ ನಿನ್ನ ಕಮಾಯ್ದಾಗ ಪಾಲು ಕೇಳತದ ನೋಡಪ್ಪ.”

ಹಿಂದೆ ಯಾರೋ ಕಿಸಕ್ಕೆಂದರು. ಅವನು ನಾಚಲಿಲ್ಲ, ಬೆವರಲೂ ಇಲ್ಲ. “ನಂಬಿಕಿ ಇಲ್ಲದವರು ಬಾಜೂಕ ನಿಂತ್ರ ಮದ್ದು ಪೂರಾ ಹೊರಗ ಬರಂಗಿಲ್ರಿ, ಅವ್ವಾರ. ಅರ್ಧ ಇನ್ನಾ ಒಳಗದ. ಮುಂದಿನ ಅಮಾಸಿಗಿ ಬರ್ರಿ. ಇವರನ್ನ ಬಿಟ್ಟು ಬರ್ರಿ.”

ಅಂಗಡಿ ಇಟ್ಟವನು ಹಾಗೆ ಇಡಬೇಕು! ಮಾಲು ಖೊಟ್ಟಿ ಎಂದು ಗಿರಾಕಿ ಹಿಡಿದು ತೋರಿಸಿದರೆ ಇನ್ನೊಂದು ಸಲ ಬಾ ಎನ್ನುತ್ತಾನೆ. ಅದಕ್ಕಿಂತ ದೊಡ್ಡ ಸೋಜಿಗ ಗಿರಾಕಿಯದು. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, “ನೀ ನಿನ್ನ ಮಗಳ ಪರ, ತಮ್ಮಾ. ಸುಮ್ಮನಿರು,” ಅಂದಳು.

ಅವಳನ್ನು ಎಬ್ಬಿಸುವಾಗ ನಾನು ಬೋಗುಣಿಯನ್ನು ಸರಿಯಾಗಿ ನೋಡಿದೆ. ಬೇರೆ ಯಾರೂ ನೋಡಿರಲಿಲ್ಲ. ಎಲ್ಲರ ಕಣ್ಣು ಮೇಣದ ಉಂಡೆಯ ಮೇಲಿತ್ತು. ರೊಟ್ಟಿಯ ತುಣುಕುಗಳು ಮುರಿದ ಅಂಚಿನ ಸಮೇತ ಹಾಗೇ ಇದ್ದವು. ಶೇಂಗಾ ಇಡಿಯಾಗಿ. ಪುಂಡಿಪಲ್ಯದ ದಂಟು ಬೆರಳುದ್ದ. ಅದನ್ನು ಯಾರೂ ತಿಂದಿರಲಿಲ್ಲ, ನುಂಗಿದ್ದರು. ನನ್ನ ಕೆಲಸದಲ್ಲಿ ಇಂಥದು ಕಂಡರೆ ಆಮೇಲೆ ನೋಡುವ ಜಾಗ ಒಂದೇ.

ದಾರಿಯಲ್ಲಿ ಅಳಿಯ ಚಹಾಕ್ಕೆ ಆಟೊ ನಿಲ್ಲಿಸಿದ. ಅವನೂ ಭಾವನೂ ಇಳಿದು ಹೋದರು. ಅಕ್ಕ, ನಾನು ಇಬ್ಬರೇ ಉಳಿದೆವು.

“ಅಕ್ಕಾ, ಬಾಯಿ ತೆಗಿ.”

“ಏನು?”

“ಬಾಯಿ ತೆಗಿ ಅಂದೆ. ಹಲ್ಲು ನೋಡ್ತೀನಿ.”

“ನಾ ಏನು ಕುರಿನೇನೋ ನಿನಗ?”

“ಕುರಿ ಆಗಿದ್ರ ನಾ ನಿನ್ನ ತಗೊಂತಿದ್ದಿಲ್ಲ.”

ಅವಳು ನನ್ನ ಭುಜಕ್ಕೆ ಬಲವಿಲ್ಲದ ಏಟೊಂದು ಹಾಕಿದಳು. ಆಮೇಲೆ ಚಹಾದಂಗಡಿಯ ಕಡೆ ಬೆನ್ನು ತಿರುಗಿಸಿ, ಸೆರಗು ಮರೆ ಮಾಡಿ, ಬಾಯಿ ತೆರೆದಳು. ಮುಂದಿನ ಹಲ್ಲು ಸಾಲಾಗಿ ನಿಂತಿದ್ದವು, ಅಂಗಡಿಯ ಮುಂಗಟ್ಟಿನ ಹಾಗೆ. ಹಿಂದೆ ಏನೂ ಇಲ್ಲ. ದವಡೆ ಎರಡೂ ಕಡೆ ಬೋಳು, ಅಲ್ಲೊಂದು ಇಲ್ಲೊಂದು ಮೋಟು. ಕೆದಕಿ ಕೇಳಿದ ಮೇಲೆ ಎಲ್ಲ ಹೊರಗೆ ಬಂತು: ಸುಟ್ಟ ತಂಬಾಕಿನ ಪುಡಿ ತಿಕ್ಕಿ ತಿಕ್ಕಿ ಒಂದೊಂದಾಗಿ ಕಳೆದುಕೊಂಡಿದ್ದಳು, ನೋವಾದದ್ದನ್ನು ದಾರ ಕಟ್ಟಿ ತಾನೇ ಕಿತ್ತಿದ್ದಳು. ಗೋಡೆಗೆ ಮುಖ ಮಾಡಿ ಕೂತು, ರೊಟ್ಟಿ ಮುರಿದು, ಮಜ್ಜಿಗೆ ಕುಡಿದು ಒಳಗೆ ತಳ್ಳುತ್ತಿದ್ದಳು. ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

“ಯಾಕ ಮುಚ್ಚಿಟ್ಟಿ?”

“ಹಲ್ಲಿಲ್ಲದ ಮುದುಕಿ ಮಾತು ಅಡಿಗಿ ಮನ್ಯಾಗ ಯಾರ್ ಕೇಳ್ತಾರೋ? ಇವತ್ತು ನುಚ್ಚಿನ ಗಡಿಗಿ, ನಾಳಿಗಿ ಮೂಲ್ಯಾಗ ಚಾಪಿ.”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಬೈದೆ. ಬೈಯುತ್ತಲೇ ಉಂಡದ್ದು ಹೇಗೆ ಅರಗುತ್ತದೆಂದು ಹೇಳಿದೆ. ಇದೆಲ್ಲ ನನಗೆ ಗೊತ್ತಿರುವುದು ಮಗಳ ದೆಸೆಯಿಂದ. ಹೈಸ್ಕೂಲಿನಲ್ಲಿದ್ದಾಗ ಅವಳು ಪಾಠವನ್ನು ಕೂಗಿ ಓದುತ್ತಿದ್ದಳು, ನಾನು ಅಂಗಳದಲ್ಲಿ ಬೋಟಿ ತೊಳೆಯುತ್ತ ಪುಕ್ಕಟೆ ಕೇಳುತ್ತಿದ್ದೆ. ಅವಳು ಓದಿದ ಕರುಳು ನನ್ನ ಕೈಯಲ್ಲೇ ಇರುತ್ತಿತ್ತು.

ಕುರಿ ಗಡಿಬಿಡಿಯಲ್ಲಿ ನುಂಗುತ್ತದೆ, ಸರಿ. ಆದರೆ ನೆರಳಿಗೆ ಬಂದು ಮಲಗಿ, ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಮನುಷ್ಯನಿಗೆ ಆ ಸವಲತ್ತಿಲ್ಲ. ಅವನಿಗೆ ಅರೆಯುವ ಅವಕಾಶ ಒಂದೇ ಸಲ, ಬಾಯಲ್ಲಿ. ಅಲ್ಲೇ ಎಂಜಲು ಬೆರೆಯಬೇಕು. ಜೋಳದ ರೊಟ್ಟಿಯನ್ನು ಸುಮ್ಮನೆ ಅಗಿಯುತ್ತ ಕೂತರೆ ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದಲ್ಲ, ಅದು ಎಂಜಲಿನ ಕೆಲಸ. ಹಿಟ್ಟು ಅಲ್ಲೇ ಸಕ್ಕರೆಯಾಗತೊಡಗಿರುತ್ತದೆ. ಕೆಳಗೆ ಹೊಟ್ಟೆಯ ಚೀಲ. ಅದರಲ್ಲಿ ಹುಳಿಯಾದ ಆಮ್ಲವಿದೆ, ಕಡೆಯುವ ಕಸುವಿದೆ, ಹಲ್ಲಿಲ್ಲ. ಅದು ಊಟವನ್ನು ಗಂಜಿಯ ಹಾಗೆ ಮಾಡಿ ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ತುಣುಕು ದೊಡ್ಡದಾದಷ್ಟೂ ಕಡೆಯುವುದು ತಡ, ಹೊಟ್ಟೆ ಬಿಗಿಯುವುದು ಹೆಚ್ಚು. ಸಣ್ಣ ಕರುಳಿಗೆ ಪಿತ್ತರಸ ಬಂದು ಎಣ್ಣೆ ಜಿಡ್ಡನ್ನು ಒಡೆಯುತ್ತದೆ, ಇನ್ನೊಂದು ರಸ ಉಳಿದದ್ದನ್ನು ಒಡೆಯುತ್ತದೆ. ಆ ಕರುಳನ್ನು ಸೀಳಿ ಒಳಮೈ ಮುಟ್ಟಿ ನೋಡಿದವರಿಗೆ ಗೊತ್ತು: ಮಖಮಲ್ಲಿನ ಹಾಗೆ ನವಿರಾದ ಎಳೆ ಎಳೆ. ಆ ಎಳೆಗಳು ಹೀರಿದ್ದು ಮಾತ್ರ ರಕ್ತಕ್ಕೆ ಸೇರುತ್ತದೆ, ಮೈಗೆ ಹತ್ತುತ್ತದೆ. ಅವು ನೀರಿನಂತಾದದ್ದನ್ನು ಹೀರುತ್ತವೆ, ಇಡೀ ಶೇಂಗಾವನ್ನಲ್ಲ. ಒಡೆಯದೆ ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಅಲ್ಲಿರುವ ಸೂಕ್ಷ್ಮಜೀವಿಗಳು ಉಳಿದದ್ದನ್ನು ತಿಂದು ಗಾಳಿ ಬಿಡುತ್ತವೆ. ಅಲ್ಲಿದೆ ನಿಮ್ಮ ಗ್ಯಾಸು. ಹೊಟ್ಟೆಗೆ ಹೋದದ್ದೆಲ್ಲ ಮೈಗೆ ಹತ್ತುತ್ತದೆ ಎಂದು ನಂಬಿರುವ ಮೂಢರಿಗೆ ಏನು ಹೇಳುವುದು? ಬಾಯಿಯಿಂದ ಆ ತುದಿಯವರೆಗೆ ಅದೊಂದು ಕೊಳವೆ. ಕರುಳಿನ ಗೋಡೆ ದಾಟುವ ತನಕ ಉಂಡದ್ದು ಇನ್ನೂ ನಿಮ್ಮದಲ್ಲ.

“ಹಂಗಾದ್ರ ಮದ್ದು?” ಅಕ್ಕ ಕೇಳಿದಳು.

“ಎಲ್ಲಿ ಕೂರ್ತದ ಹೇಳು, ಅಕ್ಕಾ. ಹೊಟ್ಟಿ ಅಂಬೋದು ದಿನಾ ಕಡಿಯೋ ಚೀಲ. ಬಂದದ್ದನ್ನ ಅರೀತದ, ಮುಂದಕ್ಕ ನೂಕ್ತದ. ನೀ ನುಂಗಿದ ರೊಟ್ಟಿ ತುಣುಕೇ ನಿನ್ನ ಮದ್ದು. ಹಾಕಿದಾಕಿ ನೀನೇ.”

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಒಪ್ಪುವ ಬೆಲೆಗೆ ಬಂದಿದ್ದಾಳೆ ಎಂದು ನನಗೆ ತಿಳಿಯಿತು. ಇಂಥ ಹೊತ್ತಿನಲ್ಲಿ ಹಿಗ್ಗಬಾರದು, ದಬಾಯಿಸಬಾರದು. ಎದುರಿನವರಿಗೆ ಮುಖ ಉಳಿಸಿಕೊಂಡು ಒಪ್ಪಲು ಒಂದು ಸಂದಿ ಬಿಡಬೇಕು.

“ಹಲ್ಲಿನ ಸುದ್ದಿ ನನ್ನ ಹತ್ರ ಇರ್ಲಿ. ಯಾರಿಗೂ ಹೇಳಂಗಿಲ್ಲ. ಯಾದಗಿರಿಗಿ ನಾ ಕರ್ಕೊಂಡು ಹೋಗ್ತೀನಿ, ಹಲ್ಲಿನ ಸೆಟ್ಟು ಹಾಕಿಸ್ತೀನಿ. ನನ್ನ ಮಗಳ ಮ್ಯಾಲಿನ ಮಾತು ನೀ ವಾಪಸ್ ತಗೋ.”

“ತಗೊಂಡೆ ಹೋಗು.”

“ಇಲ್ಲಲ್ಲ. ಅಂದ ಜಾಗದಾಗ. ನಳದ ಕಟ್ಟಿ ಮ್ಯಾಲ.”

“ಸತ್ತ ಮ್ಯಾಲೂ ಚೌಕಾಸಿ ಮಾಡಾಂವ ನೀ,” ಅಂದಳು. ಆದರೆ ಮರುದಿನ ನೀರು ಬಂದಾಗ ಹೇಳಿದಳಂತೆ: ಮದ್ದು ಗಿದ್ದು ಏನೂ ಇಲ್ಲ, ನನ್ನ ತಬಿಯತ್ತೇ ಸರಿ ಇಲ್ಲ, ಸೊಸಿದು ತಪ್ಪಿಲ್ಲ. ಅಳಿಯ ಫೋನು ಮಾಡಿ ತಿಳಿಸಿದ. ಅಷ್ಟು ಸುದ್ದಿ ಹೇಳಲು ಅವನ ಗಂಟಲು ಗದ್ಗದವಾಗಿತ್ತು. ಇಷ್ಟು ದಿನ ಅದೇ ಗಂಟಲು ಎಲ್ಲಿತ್ತು ಎಂದು ನಾನು ಕೇಳಲಿಲ್ಲ. ಹೆಂಡತಿ ಕೇಳಿದಳು, ಫೋನು ಕಸಿದುಕೊಂಡು.

ಯಾದಗಿರಿಯಲ್ಲಿ ಮೊದಲು ಹೊಟ್ಟೆಯ ಡಾಕ್ಟರಿಗೆ ತೋರಿಸಿದೆ. ಎಲ್ಲವನ್ನೂ ಹಲ್ಲಿನ ತಲೆಗೇ ಕಟ್ಟಿ ಕೂರುವ ದಡ್ಡ ನಾನಲ್ಲ. ಸೊರಗುವವರನ್ನು ಪರೀಕ್ಷೆ ಮಾಡಿಸದೆ ಬಿಡಬಾರದು. ಒತ್ತಿ ನೋಡಿದರು, ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು. ಗಡ್ಡೆ ಇಲ್ಲ, ಹುಣ್ಣಿಲ್ಲ, ರಕ್ತ ಕಡಿಮೆ ಎಂದರು. ಅಗಿಯಲಾರದೆ ತಿನ್ನುವುದನ್ನೇ ಕಡಿಮೆ ಮಾಡಿದ್ದಾರೆ, ತಿಂದದ್ದೂ ಸರಿಯಾಗಿ ಅರೆದು ಹೋಗುತ್ತಿಲ್ಲ, ಮೇಲಿಂದ ಬೇಡದ ಗುಳಿಗೆ ಎಂದು ನನ್ನ ಕಡೆ ನೋಡಿ ಬೈದರು. ಆ ಬೈಗಳು ಅಳಿಯನಿಗೆ ಸೇರಬೇಕಾದದ್ದು, ತಲುಪಿಸಿದೆ. ಹಲ್ಲಿನ ಡಾಕ್ಟರು ಮೋಟುಗಳನ್ನು ತೆಗೆದು, ಗಾಯ ಮಾಗಿದ ಮೇಲೆ ಸೆಟ್ಟು ಕೊಡುವುದಾಗಿ ಹೇಳಿದರು.

ನಾನು ವ್ಯವಹಾರ ಮುಗಿಯಿತು ಎಂದುಕೊಂಡು ಮಗಳಿಗೆ, “ನಡಿ, ಬಿಟ್ಟು ಬರ್ತೀನಿ,” ಎಂದೆ.

“ನಾ ಒಲ್ಲೆ.”

“ಯಾಕ? ಮಾತು ವಾಪಸ್ ತಗೊಂಡಾಳಲ್ಲ?”

“ನಳದ ಮುಂದ ತಗೊಂಡಾಳ. ನನ್ನ ಮುಂದ ಎಲ್ಲಿ ತಗೊಂಡಾಳ? ನಾಳಿಗಿ ಮತ್ತ ಹೊಟ್ಟಿ ನೋಯ್ತದ, ಮತ್ತ ನನ್ನ ಕೈ ನೋಡ್ತಾಳ. ಇಲ್ಲಿ ಬರ್ಲಿ. ನಾ ಮಾಡಿದ್ದು ಉಣ್ಲಿ. ಉಂಡ್ಳಂದ್ರ ಬರ್ತೀನಿ.”

ಅವಳ ಅಪ್ಪನಾದ ನಾನು ಎಷ್ಟೋ ಸಂತೆ ಗೆದ್ದವನು. ಆದರೆ ಎದುರಿನವರ ಕೈಯಲ್ಲಿ ಕೊಡಲು ಇನ್ನೂ ಏನು ಉಳಿದಿದೆ ಎಂದು ಇಷ್ಟು ಸರಿಯಾಗಿ ನಾನೂ ಗುರುತು ಹಿಡಿದಿರಲಿಲ್ಲ.

ಅಕ್ಕನಿಗೆ ಸುದ್ದಿ ಮುಟ್ಟಿಸಿದೆ. “ಅಷ್ಟು ಸೊಕ್ಕೇನು ಅಕಿಗಿ?” ಅಂದಳು. ತಿಂಗಳುಗಟ್ಟಲೆ ಉತ್ತರವಿಲ್ಲ. ಅಷ್ಟರಲ್ಲಿ ಸೆಟ್ಟು ಬಂತು. ಗುಟ್ಟು ಕಾಯುತ್ತೇನೆ ಎಂದು ನನ್ನಿಂದ ಮಾತು ಪಡೆದವಳು ವಾರದೊಳಗೆ ಅದನ್ನು ಬಾಯಿಂದ ತೆಗೆದು, ಲೋಟದ ನೀರಿನಲ್ಲಿ ಹಾಕಿ, ಓಣಿಯವರನ್ನೆಲ್ಲ ಕರೆದು ತೋರಿಸಿದಳಂತೆ. ಹಾಗಾಗಿ ನಾನು ಈ ಕಥೆ ಬರೆಯುವುದರಿಂದ ಯಾರ ಗುಟ್ಟೂ ಒಡೆಯುವುದಿಲ್ಲ.

ಒಂದು ಸೋಮವಾರ ಅಳಿಯನ ಆಟೊ ರಂಗಂಪೇಟೆಯ ನಮ್ಮ ಮನೆಯ ಮುಂದೆ ನಿಂತಿತು. ಅಕ್ಕ ಇಳಿದಳು, ಹಿಂದೆ ಭಾವ. ನನ್ನ ಹೆಂಡತಿ ನೀರು ಕೊಟ್ಟಳು, ಮಾತು ಕೊಡಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

ಮಗಳು ತಾಟು ಹಚ್ಚಿದಳು. ಅಕ್ಕನಿಗೆಂದು ಮೆತ್ತಗಿನದು ಏನೂ ಇರಲಿಲ್ಲ. ಎಲ್ಲರಿಗೂ ಒಂದೇ ಬುಟ್ಟಿಯ ರೊಟ್ಟಿ, ಒಂದೇ ಪಾತ್ರೆಯ ಬದನೆಕಾಯಿ ಪಲ್ಯ. ಬಡಿಸಿ, ಅತ್ತೆಯ ಎದುರಿಗೇ ಕೂತಳು.

ಅಕ್ಕ ತಾಟು ನೋಡಿದಳು. ಸೊಸೆಯ ಮುಖ ನೋಡಿದಳು. ಕೈ ತೊಡೆಯ ಮೇಲೇ ಇತ್ತು. ಅಳಿಯ ಬಾಯಿಗೆ ಒಯ್ದ ತುತ್ತನ್ನು ಅಲ್ಲೇ ಹಿಡಿದಿದ್ದ. ಭಾವ ಹಗ್ಗವಿಲ್ಲದೆ ಬೆರಳು ಬೆರಳು ಹೊಸೆಯುತ್ತಿದ್ದ. ಅಕ್ಕ ಬೇಡ ಎಂದು ತಾಟು ಸರಿಸಿದರೆ ಮಗಳು ಎದ್ದು ಒಳಗೆ ಹೋಗಿಬಿಡುವವಳು, ಮತ್ತೆ ನಾನು ಹೇಳಿದರೂ ಬಾರದವಳು.

ಅಕ್ಕ ರೊಟ್ಟಿ ಮುರಿದಳು. ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು. ಹೊಸ ಸೆಟ್ಟು ಕಟಕಟ ಎನ್ನುತ್ತಿತ್ತು. ಎಡಗಡೆ ಅಗಿದಳು, ಬಲಗಡೆ ಅಗಿದಳು. ಅಷ್ಟು ನಿಧಾನಕ್ಕೆ ಯಾರೂ ಉಂಡದ್ದನ್ನು ನಾನು ಕಂಡಿಲ್ಲ. ಕೊನೆಗೆ ನುಂಗಿದಳು.

“ಪಲ್ಯಕ್ಕ ಉಪ್ಪು ಸಾಲದು,” ಅಂದಳು.

“ನಮ್ಮನಿಗಿ ಹೋದ ಮ್ಯಾಲ ಜಾಸ್ತಿ ಹಾಕ್ತೀನಿ ತಗೋ, ಅತ್ತಿ,” ಅಂದಳು ಮಗಳು.

ಅಕ್ಕ ಇನ್ನೊಂದು ರೊಟ್ಟಿಗೆ ಬುಟ್ಟಿ ತನ್ನ ಕಡೆ ಎಳೆದುಕೊಂಡಳು.